ಮೇ ತಿಂಗಳ ಮನೆ, ನವೆಂಬರಿನಲ್ಲಿ

ನವೆಂಬರಿನ ಒಂದು ಶುಕ್ರವಾರ ಬೆಳಗಿನ ಜಾವ ಬೆಂಗಳೂರಿನ ಲಿಂಗರಾಜಪುರದ ಮನೆಯಿಂದ ಕೋಟಗಿರಿಗೆ ಹೊರಟೆ. ಹಿಂದಿನ ದಿನ ಇಡೀ ಮಳೆ ಸುರಿದಿತ್ತು. ಆಟೋ ನಮ್ಮ ರಸ್ತೆಯೊಳಗೆ ಬರಲು ಒಪ್ಪದೆ ಮೂಲೆಯಲ್ಲೇ ನಿಂತಿತ್ತು. ಕೆಳಗಿನ ಮನೆಯ ಶಬಾನಾ ಆಪಾ ದುಪಟ್ಟಾ ತಲೆಗೆಳೆದುಕೊಂಡು ಗೇಟಿನವರೆಗೆ ಬಂದು ಚಪಾತಿಯ ಡಬ್ಬಿಯನ್ನು ನನ್ನ ಚೀಲಕ್ಕೆ ತುರುಕಿದರು. ನನ್ನ ಎಂಟು ವರ್ಷದ ಮಗಳು ಇಂಚರ ಹಿಂದಿನ ಸಂಜೆಯೇ ತನ್ನ ದಿಂಬು ತೆಗೆದುಕೊಂಡು ಅವರ ಮನೆ ಸೇರಿದ್ದಳು.

"ಅರೆ ವೀಣಾ, ಮಳೇಲಿ ಬೆಟ್ಟಕ್ಕೆ ಯಾರಾದ್ರೂ ಹೋಗ್ತಾರಾ? ಕರಡಿ ಕೂಡ ಮನೇಲಿ ಮಲ್ಕೊಂಡಿರತ್ತೆ" ಎಂದರು ಆಪಾ.

"ಮಳೇಲಿ ಹೇಗಿರತ್ತೆ ಅಂತ ನೋಡೋಕೇ ಹೋಗ್ತಿರೋದು ಆಪಾ."

"ನೋಡೋಕೇನಿದೆ? ನೀರು! ನಮ್ಮ ಮೋರೀಲೂ ಇದೆ, ಬಾ ತೋರಿಸ್ತೀನಿ."

ನಕ್ಕು ಹೊರಟೆನಾದರೂ ಅವರು ನಗದೆ ಗೇಟಿನಲ್ಲೇ ನಿಂತಿದ್ದುದು ಆಟೋ ತಿರುಗುವಾಗ ಕಂಡಿತು. ನಾನು ಹೋಗುತ್ತಿದ್ದುದು ಮನೆ ನೋಡಲು ಎಂದು ಅವರಿಗೆ ಗೊತ್ತಿತ್ತು. ಆ ಮನೆ ಒಪ್ಪಿಗೆಯಾದರೆ ನಾನೂ ಇಂಚರಳೂ ಬರುವ ಜೂನಿಗೆ ಲಿಂಗರಾಜಪುರ ಬಿಡುವವರಿದ್ದೆವು.

ಇದು ನನ್ನ ಗಂಡ ಸುಧೀರ್ ಅವರ ಯೋಜನೆ. ಅವರು ಶಾರ್ಜಾದಲ್ಲಿ ಒಂದು ಶೀತಲಗೃಹದ ಮೇಲ್ವಿಚಾರಕರು. ಇಂಚರ ಹುಟ್ಟಿದ ವರ್ಷ ಹೋದವರು ಪ್ರತಿ ವರ್ಷ ಮೇ ತಿಂಗಳಲ್ಲಿ ರಜೆಗೆ ಬರುತ್ತಾರೆ. ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ದೂಳಿಲ್ಲದ ಊರಾದರೆ ಒಳ್ಳೆಯದು ಎಂದು ಡಾಕ್ಟರು ಒಮ್ಮೆ ಹೇಳಿದ್ದರು. ಹೀಗೆ ಮಾತಿಗೆ ಹೇಳಿದ್ದೋ, ನಿಜವಾಗಿ ಹೇಳಿದ್ದೋ, ನಾನು ಪಕ್ಕದಲ್ಲೇ ಕುಳಿತಿದ್ದರೂ ಈಗ ಖಚಿತವಾಗಿ ಹೇಳಲಾರೆ. ಸುಧೀರ್ ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡರು. ಹೋದ ಮೇ ತಿಂಗಳಲ್ಲಿ ಮೂವರೂ ಕೋಟಗಿರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದೆವು. ಬಿಸಿಲು, ತಣ್ಣನೆ ಗಾಳಿ, ಗೋಡೆಯ ಮೇಲೆ ಇಳಿಬಿದ್ದ ನೀಲಿ ಹೂಗಳು. "ಇಲ್ಲೇ ಇದ್ಬಿಡೋಣ ಅಂತ ನೀನೇ ಅಂದೆ" ಎನ್ನುತ್ತಾರೆ ಅವರು. ನಾನು ಅಂದೆನೋ ಇಲ್ಲವೋ ನನಗೆ ನೆನಪಿಲ್ಲ. ಅವರು ಅಷ್ಟು ಸಲ ಹೇಳಿದ ಮೇಲೆ ಅಂದ ಹಾಗೆಯೂ ಅನ್ನಿಸತೊಡಗಿದೆ. ನೆನಪಿನ ಈ ಗುಣದಿಂದಾಗಿಯೇ ನಾನು ಮತ್ತೊಮ್ಮೆ, ಅದೂ ಊರು ತನ್ನ ಚೆಂದವನ್ನೆಲ್ಲ ಒಳಗಿಟ್ಟುಕೊಂಡಿರುವ ತಿಂಗಳಲ್ಲಿ, ಒಬ್ಬಳೇ ಹೋಗಿ ನೋಡಬೇಕೆಂದು ಹಟ ಹಿಡಿದದ್ದು.

ಕಂಟೋನ್ಮೆಂಟಿನಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬಂತು. ಕುಳಿತು ಹೋಗುವ ಎರಡನೆಯ ದರ್ಜೆ, ಕೊಯಮತ್ತೂರಿಗೆ ಇನ್ನೂರು ರೂಪಾಯಿಯೊಳಗೆ. ಎದುರಿಗೆ ಶಿವಾಜಿನಗರದ ಬಟ್ಟೆ ವ್ಯಾಪಾರಿಯೊಬ್ಬರು ಕುಳಿತಿದ್ದರು. ಚಳಿಗಾಲದ ಮಾಲು ತರಲು ತಿರುಪ್ಪೂರಿಗೆ ಹೊರಟವರು. ಕೆ.ಆರ್. ಪುರದ ತೂಗುಸೇತುವೆ ದಾಟುವಷ್ಟರಲ್ಲಿ ನನ್ನ ಕಥೆಯನ್ನೆಲ್ಲ ಕೇಳಿ ಮುಗಿಸಿದರು.

"ಒಬ್ಬರೇನಾ ಮೇಡಂ? ಸಾಹೇಬ್ರು ಬರ್ಲಿಲ್ವಾ?"

"ಅವರು ಹೊರದೇಶದಲ್ಲಿದ್ದಾರೆ."

"ಕೋಟಗಿರಿ ಒಳ್ಳೇ ಊರೇ ಮೇಡಂ. ಅಲ್ಲಿ ನನ್ನ ಗಿರಾಕಿ ಒಬ್ಬ ಇದಾನೆ. ವರ್ಷಪೂರ್ತಿ ಸ್ವೆಟರ್ ಮಾರ್ಬಹುದು." ಸ್ವಲ್ಪ ಯೋಚಿಸಿ ಸೇರಿಸಿದರು: "ಒಳ್ಳೇದು ಅಂದ್ರೆ, ನನಗೆ."

ಸೇಲಂ ದಾಟಿದ ಮೇಲೆ ಬಿಸಿಲು ಬಂತು. ಆಪಾ ಕೊಟ್ಟ ಚಪಾತಿಯನ್ನು ಇಬ್ಬರೂ ತಿಂದೆವು. ಅವರು ತಿರುಪ್ಪೂರಿನಲ್ಲಿ ಇಳಿದುಹೋದರು. ನಾನು ಮಧ್ಯಾಹ್ನ ಒಂದರ ಸುಮಾರಿಗೆ ಕೊಯಮತ್ತೂರು ತಲುಪಿ, ಅಲ್ಲಿಂದ ಮೆಟ್ಟುಪಾಳ್ಯಂ ಬಸ್ಸು ಹತ್ತಿದೆ. ಮೆಟ್ಟುಪಾಳ್ಯಂನಿಂದ ಕೋಟಗಿರಿಗೆ ಮೂವತ್ತಮೂರು ಕಿಲೋಮೀಟರು. ಮೊದಲ ತಿರುವುಗಳವರೆಗೆ ಅಡಿಕೆ, ಬಾಳೆ ತೋಟಗಳು. ಆಮೇಲೆ ಕಾಡು, ಆಮೇಲೆ ಚಹಾ, ಆಮೇಲೆ ಏನೂ ಇಲ್ಲ. ಬಸ್ಸು ಮೋಡದೊಳಗೆ ಹೊಕ್ಕಿತ್ತು. ಚಾಲಕ ಹಾರನ್ ಒತ್ತುತ್ತಾ, ಎದುರಿನ ಹಾರನ್ ಕೇಳಿಸಿಕೊಳ್ಳುತ್ತಾ ಓಡಿಸಿದ. ಒಂದು ಕಡೆ ಗುಡ್ಡದ ಮಣ್ಣು ರಸ್ತೆಗೆ ಬಿದ್ದು ಅರ್ಧ ದಾರಿ ಮುಚ್ಚಿತ್ತು. ಅದನ್ನು ತೆಗೆಯುವವರೆಗೆ ಮುಕ್ಕಾಲು ಗಂಟೆ ಕಾದೆವು. ಯಾರೂ ಗೊಣಗಲಿಲ್ಲ. ಪಕ್ಕದ ಹೆಂಗಸು ಚೀಲದಿಂದ ಸ್ವೆಟರ್ ತೆಗೆದು ಹೆಣೆಯಲು ಕೂತಳು. ಇದಕ್ಕೆಂದೇ ಚೀಲದಲ್ಲಿ ಹೆಣಿಗೆ ಇಟ್ಟುಕೊಂಡೇ ಓಡಾಡುವವಳಂತೆ ಕಂಡಳು. ನಾನು ಮಾತ್ರ ಇಂಚರಳ ಉಸಿರಿನ ಲೆಕ್ಕದಲ್ಲಿ ಆ ಮುಕ್ಕಾಲು ಗಂಟೆಯನ್ನು ಅಳೆಯುತ್ತಿದ್ದೆ.

ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನವನೂ "ಒಬ್ಬರೇನಾ?" ಎಂದು ಕೇಳಿದ. ಹೌದೆಂದಾಗ ಎರಡು ಮಂಚದ ಕೋಣೆಯನ್ನೇ ಕೊಟ್ಟ. ಸೀಜನ್ ಅಲ್ಲ, ಎಲ್ಲವೂ ಖಾಲಿ ಎಂದ. ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು, ಹಾಸಿಗೆ ಮುಟ್ಟಿದರೆ ಒದ್ದೆ. ನಿಜವಾಗಿ ಒದ್ದೆಯಲ್ಲ, ಒಣಗಿಯೇ ಇಲ್ಲದ ಬಟ್ಟೆಯ ತಂಪು. ಇನ್ನೊಂದು ಮಂಚದ ಕಂಬಳಿಯನ್ನೂ ಎಳೆದುಕೊಂಡೆ. ಮದುವೆಯಾದ ಮೇಲೆ ಎಂಟು ವರ್ಷ ಒಬ್ಬಳೇ ಮಲಗಿದ್ದೇನೆ ಎಂದು ಹೇಳಿದರೆ ತಪ್ಪಾಗುತ್ತದೆ, ಪಕ್ಕದಲ್ಲಿ ಇಂಚರ ಇರುತ್ತಾಳೆ, ಕೆಳಗೆ ಆಪಾ ಅವರ ಕುಕ್ಕರ್ ಕೂಗುತ್ತದೆ, ಬೀದಿಯಲ್ಲಿ ಯಾರೋ ಬೈಕ್ ಒದೆಯುತ್ತಾರೆ. ಈ ಲಾಡ್ಜಿನಲ್ಲಿ ಯಾರೂ ಏನೂ ಮಾಡುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೆ ತೋರಿಸುವ ದಲ್ಲಾಳಿ ಸೆಲ್ವರಾಜ್ ಬಂದ. ಬಿಸಿಲಿತ್ತು! ರಸ್ತೆ ತೊಳೆದಿಟ್ಟಂತೆ, ಚಹಾದ ಗುಡ್ಡಗಳು ಒಂದರ ಹಿಂದೊಂದು. ಆತನ ಮಾತು ತಮಿಳು. ಲಿಂಗರಾಜಪುರದಲ್ಲಿ ವರ್ಷಗಟ್ಟಲೆ ತರಕಾರಿ ಕೊಂಡವಳಿಗೆ ಅದು ತೊಡಕಾಗಲಿಲ್ಲ. "ಬೇಗ ನಡೀರಿ ಮೇಡಂ, ಬೇಗ" ಎಂದು ಮೂರು ಸಲ ಅಂದ. ಅವಸರವೇನೆಂದು ಕೇಳಿದೆ. ಇಲ್ಲಿನ ದಲ್ಲಾಳಿಗಳು ಯಾರೂ ಹನ್ನೆರಡರ ಮೇಲೆ ಮನೆ ತೋರಿಸುವುದಿಲ್ಲವಂತೆ. ಮದುವೆ ಮುಹೂರ್ತದ ಹಾಗೆ ಇದಕ್ಕೂ ಹೊತ್ತು ಇದೆ ಎಂದ.

ಮೊದಲು ಶಾಲೆಗೆ ಹೋದೆವು. ಶಾಲೆಯ ಬಗ್ಗೆ ನನಗೆ ದೂರಿಲ್ಲ. ದೊಡ್ಡ ಅಂಗಳ, ಕಿಟಕಿಯಿಂದ ಮಕ್ಕಳ ಹಾಡು, ನಿಧಾನವಾಗಿ ಮಾತಾಡುವ ಮುಖ್ಯೋಪಾಧ್ಯಾಯಿನಿ. ಅಲ್ಲಿ ಇಂಚರ ಕುಳಿತಿರುವುದನ್ನು ಸುಲಭವಾಗಿ ಕಲ್ಪಿಸಿಕೊಂಡೆ. ಅಷ್ಟು ಸುಲಭವಾದದ್ದೇ ನನಗೆ ಅನುಮಾನ ತಂದಿತು.

ಮನೆ ಪೇಟೆಯಿಂದ ಅರ್ಧ ಮೈಲಿ ಮೇಲೆ, ಇಳಿಜಾರಿನಲ್ಲಿ. ಎರಡು ಕೋಣೆ, ಅಡುಗೆಮನೆ, ಮುಂದೆ ಉದ್ದನೆಯ ಕಿಟಕಿ. ಒಡತಿ ಬೆಳ್ಳಿಯಮ್ಮ ಅದೇ ಕಟ್ಟಡದ ಇನ್ನರ್ಧದಲ್ಲಿ ಒಬ್ಬರೇ ಇರುತ್ತಾರೆ. ಅವರು ಈ ಬೆಟ್ಟದ ಬಡಗ ಜನಾಂಗದವರು, ಬಿಳಿಯ ಬಟ್ಟೆ ತಲೆಗೆ ಸುತ್ತಿಕೊಂಡ ಎಪ್ಪತ್ತರ ಹೆಂಗಸು. ಅವರ ಬಡಗ ಮಾತು ನನ್ನ ಕನ್ನಡಕ್ಕೆ ದೂರದ ಸಂಬಂಧಿಯ ಮುಖದ ಹಾಗೆ. ಗುರುತು ಸಿಕ್ಕಿತೆನ್ನುವಾಗ ತಪ್ಪುತ್ತದೆ, ತಪ್ಪಿತೆನ್ನುವಾಗ ಸಿಗುತ್ತದೆ. ಗುಂಡ್ಲುಪೇಟೆಯಲ್ಲಿ ಮಗಳ ಮನೆಯಲ್ಲಿ ಕೆಲವು ವರ್ಷ ಇದ್ದುದರಿಂದ ಅವರಿಗೆ ಕನ್ನಡವೂ ಬರುತ್ತಿತ್ತು. ನನ್ನನ್ನು 'ಕೂಸೇ' ಎಂದೇ ಕರೆದರು.

ಸೆಲ್ವರಾಜ್ ಮೊದಲು ಮಾಡಿದ ಕೆಲಸ ಕಿಟಕಿ ತೆರೆದದ್ದು. "ನೋಡಿ ಮೇಡಂ! ಬೆಂಗಳೂರಲ್ಲಿ ಕಿಟಕಿ ತೆಗೆದ್ರೆ ಏನು ಕಾಣತ್ತೆ?"

"ಎದುರು ಮನೆ ಕಿಟಕಿ."

"ಅಷ್ಟೇ! ಇಲ್ಲಿ ನೋಡಿ, ಕಣಿವೆ!"

ಕಣಿವೆ ನಿಜಕ್ಕೂ ಕಂಡಿತು. ಅದರ ಆಚೆ ಬಯಲು ಸೀಮೆ, ಅದರ ಆಚೆ ಬೆಳಕು. ಅರೆಗಳಿಗೆ ನಾನು ಅಲ್ಲೇ ನಿಂತುಬಿಟ್ಟೆ. ಮೇ ತಿಂಗಳಲ್ಲಿಯೂ ಹೀಗೆ ನಿಂತೇ "ಇಲ್ಲೇ ಇದ್ಬಿಡೋಣ" ಎಂದಿರಬೇಕು ನಾನು, ಅಂದಿದ್ದರೆ. ಸೆಲ್ವರಾಜ್ ಮುಂಗಡದ ಮಾತು ತೆಗೆದ. ಚೆನ್ನೈನವರೊಬ್ಬರು ಕಾಯುತ್ತಿದ್ದಾರೆ, ಭಾನುವಾರದೊಳಗೆ ಹೇಳಿಬಿಡಿ ಎಂದ.

"ಸಾಯಂಕಾಲ ನಾಲ್ಕಕ್ಕೆ ಇನ್ನೊಂದ್ಸಲ ನೋಡ್ತೀನಿ" ಎಂದೆ.

"ನಾಲ್ಕಕ್ಕಾ? ನಾಲ್ಕಕ್ಕೆ ಏನೂ ಕಾಣಲ್ಲ ಮೇಡಂ."

"ಹಾಗಾದ್ರೆ ಅದನ್ನೇ ನೋಡ್ಬೇಕು."

ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀವು ಟೀಚರಾ?"

"ಹೌದು. ಕಾಲೇಜಲ್ಲಿ ಕನ್ನಡ ಹೇಳ್ಕೊಡ್ತೀನಿ."

"ಅದಕ್ಕೇ" ಎಂದು ಬೈಕ್ ಹತ್ತಿ ಹೊರಟುಹೋದ.

ಮಧ್ಯಾಹ್ನ ಪೇಟೆಯಲ್ಲಿ ಸುಮ್ಮನೆ ಅಲೆದೆ. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯ ರಾಶಿಗಳು. ಎಲ್ಲರೂ ಯಾರನ್ನೋ ಮಾತಾಡಿಸುತ್ತಿದ್ದರು. ಔಷಧಿ ಅಂಗಡಿಯಲ್ಲಿ ಇಂಚರ ಉಸಿರಿಗೆ ಎಳೆದುಕೊಳ್ಳುವ ಇನ್ಹೇಲರಿನ ಹೆಸರು ಹೇಳಿ ಸಿಗುತ್ತದೆಯೇ ಎಂದು ಕೇಳಿದೆ. ಇದು ನನ್ನದೇ ಒಂದು ಪರೀಕ್ಷೆ. ಅಪರೂಪದ ಔಷಧಿಯಾದರೆ ಅಂಗಡಿಯವ ಒಳಗೆ ಹೋಗಿ ಹುಡುಕಬೇಕು. ಆತ ಕುರ್ಚಿಯಿಂದ ಏಳಲೂ ಇಲ್ಲ. ಕೈಚಾಚಿ ಎದುರಿನ ಸಾಲಿನಿಂದ ತೆಗೆದುಕೊಟ್ಟ.

"ಬಹಳ ಹೋಗತ್ತಾ ಇದು?"

"ಈ ಎರಡು ತಿಂಗಳು ಇದೇ. ಮಕ್ಕಳಿಗೂ, ಮುದುಕರಿಗೂ. ಥಂಡಿ ಗೋಡೆ ಅಲ್ವಾ." ಮಕ್ಕಳ ಡಾಕ್ಟರು ಯಾರೆಂದು ಕೇಳಿದೆ. ಜೋರಾದರೆ ಕೂನೂರಿಗೋ ಮೆಟ್ಟುಪಾಳ್ಯಂಗೋ ಕರೆದೊಯ್ಯುವವರೇ ಹೆಚ್ಚು ಎಂದ. "ರಸ್ತೆ ಇದ್ರೆ" ಎಂದು ಆಮೇಲೆ ಸೇರಿಸಿದ, ನಾವು ಚಿಲ್ಲರೆ ಇದ್ರೆ ಎನ್ನುವ ಹಾಗೆ.

ಹೊರಗೆ ಬಂದು ನಿಂತೆ. ಬೇಡ ಎನ್ನುವುದಕ್ಕೆ ನನಗೆ ಒಂದು ಕಾರಣ ಸಿಕ್ಕಿತ್ತು, ಸಿಕ್ಕಿದ್ದಕ್ಕೆ ಒಳಗೊಳಗೇ ಸಮಾಧಾನವಾಯಿತು. ಆ ಸಮಾಧಾನ ನನಗೆ ಹಿಡಿಸಲಿಲ್ಲ. ನಾನು ಊರು ನೋಡಲು ಬಂದಿದ್ದೇನೆಯೇ, ಊರಿನ ಮೇಲೆ ಸಾಕ್ಷಿ ಕೂಡಿಹಾಕಲು ಬಂದಿದ್ದೇನೆಯೇ? ಸುಧೀರ್ ನಾಲ್ಕು ದಿನದ ಮೇ ನೋಡಿ ಹೌದು ಎಂದಿದ್ದರೆ, ಮೂರು ದಿನದ ನವೆಂಬರ್ ನೋಡಿ ಇಲ್ಲ ಎನ್ನುವ ನಾನು ಯಾವ ದೊಡ್ಡ ಸತ್ಯವಂತೆ? ಲಿಂಗರಾಜಪುರದ ಮೇಲ್ಸೇತುವೆಯ ದೂಳಿನ ಬಗ್ಗೆ ಯಾವ ಔಷಧಿ ಅಂಗಡಿಯಲ್ಲಿ ಹೀಗೆ ಕೇಳಿ ನೋಡಿದ್ದೆ ನಾನು?

ನಾಲ್ಕಕ್ಕೆ ಮುಂಚೆಯೇ ಮಂಜು ಇಳಿಯಿತು. ಬೆಳಿಗ್ಗೆ ಕಂಡ ದಾರಿಯನ್ನು ಕಲ್ಲುಗೋಡೆ ಸವರಿಕೊಂಡು ಹತ್ತಿದೆ. ಗೇಟಿನ ಹತ್ತಿರ ಹೋಗುವವರೆಗೂ ಮನೆ ಕಾಣಲಿಲ್ಲ. ಬೆಳ್ಳಿಯಮ್ಮ ಬಾಗಿಲಲ್ಲೇ ಕಾದಿದ್ದರು. "ಬರಲ್ಲ ಅಂದ್ಕೊಂಡೆ. ದಾರೀಲಿ ಕಾಟಿ ಇತ್ತಾ?" ಎಂದು ಕೇಳಿದರು. ಕಾಟಿ ಎಂದರೆ ಕಾಡೆಮ್ಮೆ. ಸಾಯಂಕಾಲ ತೋಟಕ್ಕೆ ಬರುತ್ತದಂತೆ. ಕರಡಿಯೂ ಬರುತ್ತದೆಯೇ ಎಂದೆ.

"ಕರಡೀನೂ. ಎಣ್ಣೆ ಅಂದ್ರೆ ಪ್ರಾಣ ಅದಕ್ಕೆ. ಅಡುಗೆಮನೆ ಬಾಗಿಲು ಹಾಕ್ಕೊಂಡಿದ್ರೆ ಆಯ್ತು. ಹೆದರ್ಬೇಡ ಕೂಸೇ, ಮನುಷ್ಯರಿಗಿಂತ ವಾಸಿ, ಬಾಡಿಗೆ ಕಮ್ಮಿ ಮಾಡಿ ಅಂತ ಕೇಳಲ್ಲ."

ಒಳಗೆ ದೀಪ ಹಾಕಿರಲಿಲ್ಲ. ಆದರೆ ಕೋಣೆಯ ಮರದ ಬೀರುವಿನ ಬಾಗಿಲ ಸಂದಿನಿಂದ ಹಳದಿ ಬೆಳಕು ಬರುತ್ತಿತ್ತು. ಬೆಳ್ಳಿಯಮ್ಮ ಹೆಮ್ಮೆಯಿಂದ ಬಾಗಿಲು ತೆರೆದು ತೋರಿಸಿದರು. ಒಳಗೆ ಹಳೆಯ ಕಾಲದ ಬುರುಡೆ ಬಲ್ಬು ಉರಿಯುತ್ತಿತ್ತು. ಅದರ ಶಾಖಕ್ಕೆ ಬಟ್ಟೆಗೆ ಬೂಷ್ಟು ಹಿಡಿಯುವುದಿಲ್ಲವಂತೆ. ಜೂನಿನಿಂದ ಡಿಸೆಂಬರಿನವರೆಗೆ ಹಗಲೂ ರಾತ್ರಿ ಅದನ್ನು ಆರಿಸುವುದಿಲ್ಲ. ಈಗಿನ ತಣ್ಣನೆ ಬಲ್ಬುಗಳು ಇದಕ್ಕೆ ಬರುವುದಿಲ್ಲ, ಹಳೆಯದನ್ನು ಹುಡುಕಿ ತಂದಿಟ್ಟುಕೊಂಡಿರುತ್ತಾರೆ.

"ನಿನ್ನ ಮಗಳ ಯೂನಿಫಾರ್ಮು ಇಲ್ಲೇ ತೂಗುಹಾಕು, ಬೆಳಿಗ್ಗೆ ಬೆಚ್ಚಗಿರತ್ತೆ" ಎಂದರು.

ನಾವಿಬ್ಬರೂ ಬೀರುವಿನ ಆ ಬೆಳಕಿನಲ್ಲಿ ಒಲೆಯ ಹತ್ತಿರ ಕುಳಿತೆವು. ರಾಗಿ ಮುದ್ದೆ, ಅವರೆಕಾಳು–ಆಲೂಗಡ್ಡೆ ಸಾರು ಬಡಿಸಿದರು. ಮುದ್ದೆಗೆ ಅವರೂ 'ಹಿಟ್ಟು' ಎನ್ನುತ್ತಾರೆ. ನನ್ನ ಅಜ್ಜಿಯೂ ಹಾಗೇ ಅನ್ನುತ್ತಿದ್ದರು ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಮುದ್ದೆ ಹಾಕಿದರು.

ಅಷ್ಟರಲ್ಲಿ ಸುಧೀರ್ ಫೋನ್ ಮಾಡಿದರು. ಅಲ್ಲಿ ಅವರಿಗೆ ಕೆಲಸದ ನಡುವಿನ ಚಹಾದ ಹೊತ್ತು.

"ವೀಡಿಯೋ ಹಾಕು, ಕಿಟಕಿ ತೋರಿಸು" ಎಂದರು. ಕಿಟಕಿಗೆ ಫೋನ್ ಹಿಡಿದೆ.

"ನೆಟ್‌ವರ್ಕ್ ಇಲ್ವಾ ಅಲ್ಲಿ? ಸ್ಕ್ರೀನ್ ಪೂರ್ತಿ ಬೆಳ್ಳಗಿದೆ."

"ನೆಟ್‌ವರ್ಕ್ ಇದೆ ರೀ. ಬೆಟ್ಟ ಇಲ್ಲ."

ಅವರು ಜೋರಾಗಿ ನಕ್ಕರು. ಹಿಂದಿನಿಂದ ಯಾರೋ ಕರೆದರು, ಆಮೇಲೆ ಮಾಡುತ್ತೇನೆಂದು ಇಟ್ಟುಬಿಟ್ಟರು.

ಕೈ ತೊಳೆದು ಬಂದು ಕಿಟಕಿಯ ಬಳಿ ನಿಂತೆ. ಮಂಜು ಒಂದಿಷ್ಟು ಸರಿದಾಗ ಮೇಲಿನ ಇಳಿಜಾರಿನಲ್ಲಿ ಆರೇಳು ಒಳ್ಳೊಳ್ಳೆಯ ಮನೆಗಳು ಕಂಡವು. ಒಂದರಲ್ಲೂ ದೀಪವಿರಲಿಲ್ಲ. ಯಾರ ಮನೆಗಳೆಂದು ಕೇಳಿದೆ.

"ಬೆಂಗಳೂರಿನವರದು, ಚೆನ್ನೈಯವರದು. ಮೇ ತಿಂಗಳಲ್ಲಿ ಬಾ ನೋಡು, ಎಲ್ಲಾ ದೀಪ. ಮಕ್ಕಳು, ನಾಯಿ, ಹಾಡು. ಜೂನಿನ ಮೊದಲ ಮಳೆಗೆ ಬೀಗ." ಅವರು ತಟ್ಟೆಗಳನ್ನು ಜೋಡಿಸುತ್ತಾ ಕೇಳಿದರು, "ನಿನ್ನ ಗಂಡ ಯಾವಾಗ ಬರ್ತಾರೆ?"

"ವರ್ಷಕ್ಕೊಂದ್ಸಲ. ಮೇ ತಿಂಗಳಲ್ಲಿ."

"ಹಾಗಾದ್ರೆ ಅವರಿಗೆ ಈ ಮನೆ ಸರಿ" ಎಂದರು ಬೆಳ್ಳಿಯಮ್ಮ.

ಅವರು ಕುಹಕವಾಗಿ ಹೇಳಲಿಲ್ಲ. ಮನೆಗೆ ಒಪ್ಪುವ ಜನ ಸಿಕ್ಕರೆನ್ನುವ ಹಾಗೆ ಹೇಳಿದರು. ಎಂಟು ವರ್ಷದಿಂದ ನಮ್ಮ ಸಂಸಾರ ಒಟ್ಟಿಗೆ ಇದ್ದದ್ದೆಲ್ಲ ಮೇ ತಿಂಗಳಲ್ಲಿ. ಮಾವಿನಹಣ್ಣು, ಶಾಲೆಗೆ ರಜೆ, ಇಂಚರಳ ಎದೆ ಹಗುರಾಗಿರುವ ಕಾಲ. ಸುಧೀರ್ ಮನೆಗಾಗಿ ಹುಡುಕಿದ್ದು ತಮಗೆ ಗೊತ್ತಿದ್ದ ಸಂಸಾರಕ್ಕೆ ಹೊಂದುವ ಊರನ್ನು. ಉಳಿದ ಹನ್ನೊಂದು ತಿಂಗಳ ಊರು ಯಾವುದಿರಬೇಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಫೋನಿನಲ್ಲಿ ಉಬ್ಬಸದ ರಾತ್ರಿಗಳನ್ನು "ಈಗ ಪರವಾಗಿಲ್ಲ" ಎಂಬ ಎರಡು ಮಾತಿಗೆ ಇಳಿಸುವುದು ನನಗೆ ರೂಢಿಯಾಗಿತ್ತು.

ಹೊರಡುವಾಗ ಬೆಳ್ಳಿಯಮ್ಮ ಟಾರ್ಚ್ ಹಿಡಿದು ಗೇಟಿನವರೆಗೆ ಬಂದರು. "ಬಂದುಬಿಡು ಕೂಸೇ. ನೀನು ಕೆಲಸಕ್ಕೆ ಹೋದ್ರೆ ಮಗೂನ ನಾನು ನೋಡ್ಕೋತೀನಿ. ಗದ್ದಲ ಮಾಡ್ಲಿ. ಈ ಗೋಡೆ ಆ ಕಡೆ ಸದ್ದು ಕೇಳಿ ಎಷ್ಟು ದಿನ ಆಯ್ತೋ." ಅವರ ಕೈ ನನ್ನ ತೋಳಿನ ಮೇಲಿತ್ತು. ಒಲೆಯ ಬಿಸಿ ಇನ್ನೂ ಇತ್ತು ಅದರಲ್ಲಿ. ಲಿಂಗರಾಜಪುರದ ಗೇಟಿನಲ್ಲಿ ಒಬ್ಬರು ಹೋಗಬೇಡವೆಂದು ನಿಂತಿದ್ದರೆ ಇಲ್ಲಿ ಒಬ್ಬರು ಬಾ ಎಂದು ನಿಂತಿದ್ದರು. "ಹೇಳ್ತೀನಿ ಅಮ್ಮಾ" ಎಂದೆ. ಇಳಿಯುತ್ತ ತಿರುಗಿ ನೋಡಿದಾಗ ಟಾರ್ಚು ಕಾಣದೆ ಅದರ ಬೆಳಕಿನ ಮಂಜು ಮಾತ್ರ ಕಂಡಿತು.

ಭಾನುವಾರ ಬೆಳಿಗ್ಗೆ ಸೆಲ್ವರಾಜನಿಗೆ ಫೋನ್ ಮಾಡಿ, ಮುಂಗಡ ಈಗ ಕೊಡುವುದಿಲ್ಲ, ಚೆನ್ನೈನವರಿಗೆ ಬೇಕಿದ್ದರೆ ಕೊಡಲಿ ಎಂದೆ. "ಅವರು ಯೋಚನೆ ಮಾಡ್ತಿದ್ದಾರೆ ಮೇಡಂ" ಎಂದ. ಚೆನ್ನೈನವರು ಇದ್ದಾರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಮೊದಲ ಬಸ್ಸಿಗೇ ಇಳಿದೆ. ರಸ್ತೆ ತೆರೆದಿತ್ತು. ಮೆಟ್ಟುಪಾಳ್ಯಂನಲ್ಲಿ ಚಹಾ ಕುಡಿಯುತ್ತ ಹಿಂದೆ ನೋಡಿದರೆ ಬೆಟ್ಟ ಸ್ವಚ್ಛ ನೀಲಿಯಾಗಿ, ಮೋಡವೇ ಇಲ್ಲದೆ ನಿಂತಿತ್ತು. ಹೋಗಬಹುದಾದ ಊರಿನ ಹಾಗೆ. ಮನಸ್ಸು ಚುಚ್ಚಿತು. ನನ್ನ ತೀರ್ಮಾನದ ಹಿಂದೆ ಇದ್ದದ್ದು ಹೆದರಿಕೆಯೇ ಇರಬಹುದು.

ಕೊಯಮತ್ತೂರಿನಿಂದ ಮಧ್ಯಾಹ್ನದ ರೈಲು. ಬಂಗಾರಪೇಟೆ ದಾಟಿ ಕತ್ತಲಾದ ಮೇಲೆ ಸುಧೀರ್ ಫೋನ್ ಮಾಡಿದರು. ಅವರಿಗೆ ರಜೆಯ ದಿನ, ದನಿ ನಿರಾಳವಾಗಿತ್ತು.

"ಮುಂಗಡ ಕೊಟ್ಯಾ?"

"ಇಲ್ಲ."

"ಯಾಕೆ? ಮನೆ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ನೀವು ಮುಂದಿನ ವರ್ಷ ರಜೆ ನವೆಂಬರಿಗೆ ಹಾಕಿ. ಒಂದು ತಿಂಗಳು ಅಲ್ಲಿ ಮೂವರೂ ಇರೋಣ. ಬೇಕಾದ್ರೆ ಆಮೇಲೆ ಹೋಗೋಣ."

"ನವೆಂಬರಲ್ಲಾ? ಅಲ್ಲಿ ಬರೀ ಮಂಜು, ಮಳೆ ಅಂದ್ಯಲ್ಲ."

"ಹೌದು. ಇಲ್ಲೂ ಮಳೆ. ಇಲ್ಲಿನ ನವೆಂಬರೂ ನೀವು ನೋಡಿಲ್ಲ ರೀ. ಅವಳಿಗೆ ಉಬ್ಬಸ ಬಂದಾಗ ಹೇಗಿರತ್ತೆ ಅಂತ ನಿಮಗೆ ನಾನು ಸರಿಯಾಗಿ ಹೇಳೇ ಇಲ್ಲ."

ಲೈನ್ ಹೋಯಿತೇನೋ ಎಂದು ಫೋನ್ ನೋಡಿದೆ, ಇತ್ತು. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ಕಿಟಕಿಯಲ್ಲಿ ಸರಿದವು. ಸಿಟ್ಟಾಗಿದ್ದಾರೆ ಎಂದುಕೊಂಡೆ.

"ವೀಣಾ" ಎಂದರು ಕೊನೆಗೆ. "ಸ್ಕೂಲ್ ಇರೋ ದಿನ ಇಂಚರ ಮನೆಗೆ ಎಷ್ಟು ಹೊತ್ತಿಗೆ ಬರ್ತಾಳೆ?"

ಅವರು ಇದನ್ನು ಎಂದೂ ಕೇಳಿದ್ದಿಲ್ಲ. ಕೇಳಬೇಕಾದ ತಿಂಗಳಲ್ಲಿ ಅವರು ಎಂದೂ ಮನೆಯಲ್ಲಿರಲಿಲ್ಲ. ರೈಲು ಕೆ.ಆರ್. ಪುರದಲ್ಲಿ ನಿಂತು ಹೊರಟಿತು. ಮೂರೂವರೆಗೆ ಎಂದೆ. ವ್ಯಾನು ಮೂಲೆಯಲ್ಲೇ ಇಳಿಸುತ್ತದೆ, ಮಳೆ ಬಂದರೆ ಆಪಾ ಛತ್ರಿ ಹಿಡಿದು ಹೋಗುತ್ತಾರೆ, ಬಂದವಳೇ ಬೂಟು ಬಿಚ್ಚದೆ ಹಾಲು ಕೇಳುತ್ತಾಳೆ, ಎದೆ ಸರಿಯಿಲ್ಲದ ದಿನ ಏನೂ ಕೇಳದೆ ಗೋಡೆಗೆ ಒರಗಿ ಕೂರುತ್ತಾಳೆ. ಕಂಟೋನ್ಮೆಂಟ್ ಬರುವವರೆಗೂ ಹೇಳುತ್ತಲೇ ಇದ್ದೆ. ಅವರು ನಡುವೆ ಒಮ್ಮೆಯೂ "ಪರವಾಗಿಲ್ಲ" ಎನ್ನಲಿಲ್ಲ.